ಎರಡೂವರೆ ಪಟ್ಟು

ಮುಹು ದ್ವೀಪದಲ್ಲಿ ನವೆಂಬರ್ ಎಂದರೆ
ಮೂರೂವರೆಗೇ ದೀಪ ಹಚ್ಚುವುದು.
ಸಂಗ್ರಹಾಲಯದ ಹಿಂದಿನ ಕೋಣೆ, ಒಂದು ಹೀಟರು,
ನಾನು,
ಇನ್ನೂರ ಹನ್ನೊಂದು ಕೈಗವಸುಗಳ ನಕ್ಷೆ.
ಒಂದು ಕುಣಿಕೆಗೆ ಒಂದು ಚುಕ್ಕಿ,
ಅಗಲಕ್ಕೆ ನಲವತ್ತೆಂಟು.

ದೋಣಿಕಟ್ಟೆಯ ದೀಪಫಲಕಕ್ಕೆ ಇವು ಹೋಗಬೇಕು,
ಅಲ್ಲಿ ಅಗಲಕ್ಕೆ ನೂರ ಇಪ್ಪತ್ತು ಬಲ್ಬು.
ಒಂದೇ ಸಾಲಿನ ಕೋಡ್ ಸಾಕು.
ಆ ಸಾಲಿನಲ್ಲಿ, ಕಂಸದೊಳಗೆ,
ಕೊನೆಯ ಪದವೊಂದೇ ನನಗೆ ಬಿಟ್ಟದ್ದು:
ಯಾವ ವಿಧಾನ?

ಬರೆಯದಿದ್ದರೂ ನಡೆಯುತ್ತದೆ.
ನಾವು ಸುಮ್ಮನಿದ್ದರೆ ಯಾರೋ ಆರಿಸಿಟ್ಟಿರುತ್ತಾರೆ,
ಎಂದೋ, ಎಲ್ಲೋ, ಯಾರದೋ ಬೆಕ್ಕಿನ ಫೋಟೋ ನೋಡಿ.

ಮೊದಲ ದಿನ ಸುಮ್ಮನೇ ಇದ್ದೆ.
ಸಾಲ್ಮೆ ಅಜ್ಜಿ ಕನ್ನಡಕ ಹಣೆಗೇರಿಸಿ
ಪರದೆಗೆ ಮೂಗು ತಾಗುವಷ್ಟು ಬಾಗಿದಳು.
"ಪಿರೆತ್, ಈ ನೂಲಿಗೆ ಬಣ್ಣ ಹಾಕಿದವರು ಯಾರು?
ಮಂಜಿಷ್ಠದ ಕೆಂಪು, ಸರಿ. ನೀಲಿ, ಅದೂ ಸರಿ.
ನಡುವೆ ಇದೇನು, ನೇರಳೆಯೂ ಅಲ್ಲದ ಕೆಸರು?
ನಮ್ಮಮ್ಮನ ಹಂಡೆಯಲ್ಲಿ ಇಂಥದು ಕುದಿದದ್ದೇ ಇಲ್ಲ."

ಸರಾಸರಿ ಅಜ್ಜಿ, ಎಂದೆ.
ಇತ್ತ ಕೆಂಪು, ಅತ್ತ ನೀಲಿ,
ಇಬ್ಬರಿಗೂ ನೋವಾಗದ ಹಾಗೆ ನಡುವೆ ಒಂದು ರಾಜಿ.
"ನೂಲಿಗೆ ರಾಜಿ ಗೊತ್ತಿಲ್ಲ.
ಕಡ್ಡಿ ಒಂದು ಸಲಕ್ಕೆ ಒಂದೇ ಎಳೆ ಎಳೆಯುತ್ತೆ."

ಹಾಗಾದರೆ ನೆರೆಮನೆಯ ವಿಧಾನ.
ಹೊಸ ಚುಕ್ಕಿ, ತೀರ ಹತ್ತಿರದ ಹಳೆ ಚುಕ್ಕಿಯ ಬಾಗಿಲು ತಟ್ಟಿ
ಉಪ್ಪು ಕೇಳಿದ ಹಾಗೆ ಬಣ್ಣ ಕೇಳುತ್ತದೆ,
ಕೊಟ್ಟದ್ದನ್ನು ಕಲಬೆರಕೆ ಮಾಡದೆ ತರುತ್ತದೆ.
ಫೋಟೋ ಬಲ್ಲವರು ಇದನ್ನು ಒರಟು ಅನ್ನುತ್ತಾರೆ,
ಅಂಚೆಲ್ಲ ಮೆಟ್ಟಿಲು ಮೆಟ್ಟಿಲು.
ಇರಲಿ. ಕೈಗವಸೂ ಮೆಟ್ಟಿಲೇ.

ಕೆಂಪು ಕೆಂಪಾಗಿಯೇ ಬಂತು.
ಆದರೂ ಅಜ್ಜಿಯ ಬೆರಳು
ಎಂಟು ದಳದ ನಕ್ಷತ್ರದ ಮೇಲೆ ನಿಂತಿತು.
"ಇದನ್ನು ಹೆಣೆದವಳು ಕುಡಿದಿದ್ದಳೇ?
ಒಂದು ಕುಣಿಕೆ ದಪ್ಪ, ಪಕ್ಕದ್ದು ಸಣಕಲು, ಮತ್ತೆ ದಪ್ಪ."

ಕುಡಿದವಳು ನಾನೇ.
ಫಲಕ ತುಂಬಲೆಂದು ಎರಡೂವರೆ ಪಟ್ಟು ಹಿಗ್ಗಿಸಿದ್ದೆ.
ಅರ್ಧ ಬಲ್ಬು ಎಂಬುದಿಲ್ಲವಲ್ಲ,
ಒಬ್ಬಳಿಗೆ ಮೂರು, ಒಬ್ಬಳಿಗೆ ಎರಡು.
ಎಲ್ಲರಿಗೂ ಎರಡೇ ಎಂದು ತಿದ್ದಿದೆ.
ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೆರಡು ಬಲ್ಬು
ಉರಿಯದೆ ಉಳಿದವು.
ಗುತ್ತಿಗೆದಾರನಿಗೆ ಅದರ ಬಗ್ಗೆ ಇನ್ನೂ ಬೇಸರವಿದೆ.

ಕುಗ್ಗಿಸುವುದು ಇನ್ನೂ ಕಷ್ಟ.
ಸೂಚಿಪಟ್ಟಿಗೆ ಹೆಬ್ಬೆರಳಿನ ಉಗುರಿನಷ್ಟು ಚಿತ್ರ ಬೇಕು.
ನೆರೆಮನೆ ಕೇಳಿದರೆ ನಕ್ಷತ್ರದ ದಳ ಉದುರುತ್ತದೆ,
ಸರಾಸರಿ ಮಾಡಿದರೆ ಮತ್ತದೇ ಕೆಸರು.
ಸೋತು ಕೇಳಿದೆ: ಅಜ್ಜಿ, ಮಗುವಿನ ಕೈಗೆ ಹೆಣೆಯುವಾಗ
ನೀನು ಹೇಗೆ ಚಿಕ್ಕದು ಮಾಡುತ್ತೀ?
"ಕುಣಿಕೆ ಚಿಕ್ಕದಾಗುತ್ತೇನೆ, ಹುಚ್ಚಿ?
ನಕ್ಷತ್ರ ಕಡಿಮೆ ಮಾಡ್ತೀನಿ.
ಮೂರಿದ್ದಲ್ಲಿ ಒಂದು."

ಯಾವ ಲೈಬ್ರರಿಯಲ್ಲೂ ಆ ವಿಧಾನಕ್ಕೆ ಹೆಸರಿಲ್ಲ.
ಕತ್ತರಿ ಹಿಡಿದೆ,
ಒಂದೊಂದು ನಕ್ಷೆಯಿಂದ ಒಂದೊಂದು ನಕ್ಷತ್ರ,
ಕೈಯಿಂದಲೇ, ಒಂಬತ್ತು ಸಂಜೆ.

ಪೆಟ್ಟಿಗೆಯ ತಳದಲ್ಲಿ ಒಂದೇ ಒಂದು ಫೋಟೋ ಇತ್ತು:
ದೋಣಿಯಲ್ಲಿ ಒಂಬತ್ತು ವರ್ಷದ ಸಾಲ್ಮೆ,
ಅವಳಿಗಿಂತ ಉದ್ದದ ಹಾವುಮೀನು ಎತ್ತಿ ಹಿಡಿದು.
ಇಲ್ಲಿ ಸರಾಸರಿಗೆ ಕೊನೆಗೂ ಕೆಲಸ ಸಿಕ್ಕಿತು,
ನೂರು ಮರಳುಕಣ ಸೇರಿ ಒಂದು ಕೆನ್ನೆ.
ಆಸೆ ಬಿಡಲಿಲ್ಲ, ಲಾಂಚೋಸ್ ಕೂಡ ನೋಡಿದೆ.
ಅದು ದೂರದ ನೆರೆಯವರನ್ನೂ ವಿಚಾರಿಸುತ್ತದೆ,
ಕೆಲವರದನ್ನು ಕೂಡಿ, ಕೆಲವರದನ್ನು ಕಳೆದು.
ಮೀನಿನ ಮೈ ಹರಿತವಾಗಿ ಮೂಡಿತು,
ಹುಟ್ಟುಗೋಲಿನ ಅಂಚಿಗೆ ತೆಳ್ಳಗೆ ಒಂದು ಬೆಳಕಿನ ಗೆರೆ.
ಚೆನ್ನಾಗಿಯೇ ಇತ್ತು. ಬೆಳಗಿನ ಬಿಸಿಲಿನಂತೆ.

ಅಜ್ಜಿ ಬಹಳ ಹೊತ್ತು ನೋಡಿದಳು.
"ಅವತ್ತು ಮೋಡ ಇತ್ತು," ಎಂದಳು. "ತೆಗೆ."

ತೆಗೆದೆ.
ಆರರ ದೋಣಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.